ಕಡೆಗೆ ಬಂದವನಿಗೆ ಬಹುಮಾನ

ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯ ಮೇಲೆ ಸೈಕಲ್ ತುಳಿದವರಿಗೆ ಗೊತ್ತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಇಳಿದು, ಒಂದು ಕಡ್ಡಿ ಹುಡುಕಿ, ಮಣ್ಣು ಕೆರೆದು ತೆಗೆದು ಮತ್ತೆ ಹತ್ತಬೇಕು. ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಸಿಂದಗಿ ತಾಲೂಕಿನಲ್ಲಿ ಗ್ರಾಮಸೇವಕನಾಗಿದ್ದೆ. ಹಳ್ಳಿಯಿಂದ ಹಳ್ಳಿಗೆ ಸೈಕಲ್ ಮೇಲೆ ತಿರುಗಿ ಹೊಸ ಜೋಳದ ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಔಷಧಿಯ ವಿಷಯ ರೈತರಿಗೆ ಹೇಳುವುದು ನನ್ನ ಕೆಲಸ. ಹಾಗಾಗಿ ಮಣ್ಣು ಕೆರೆಯುವುದೂ ಕೆಲಸದ ಒಂದು ಭಾಗವೇ ಆಗಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಹೀಗೇ ಇಳಿದು ಕಡ್ಡಿ ಹಿಡಿದು ಕುಳಿತವನಿಗೆ ಏಳಬೇಕೆನ್ನಿಸಲಿಲ್ಲ. ದುಃಖವೇನೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ನನಗೆ ಅನ್ಯಾಯ ಮಾಡಿರಲಿಲ್ಲ. ಮೋಡ ಕೆಳಗಿಳಿದು ಹೊಲಗಳ ಮೇಲೆ ಕುಳಿತಂತಿತ್ತು. ದೂರದಲ್ಲಿ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದವನು ಎತ್ತುಗಳನ್ನು ಕೂಗುವ ದನಿ ನೀರಿನೊಳಗೆ ಮುಳುಗಿದವನಿಗೆ ಕೇಳಿಸುವಂತೆ ಕೇಳಿಸುತ್ತಿತ್ತು. ಗಾಲಿಯನ್ನು ನೋಡುತ್ತ ಕುಳಿತೆ. ಕತ್ತಲಾಗುವ ಮೊದಲು ಆ ಹೊಲದವನೇ ಬಂದು ನನ್ನನ್ನು ಎಬ್ಬಿಸಿದ. ಏನಾಯಿತೆಂದು ಕೇಳಿದ. ಏನೂ ಇಲ್ಲ ಎಂದೆ. ಅದು ಸುಳ್ಳಾಗಿರಲಿಲ್ಲ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಕಣ್ಣು ತೆರೆದರೆ ಎದೆಯ ಮೇಲೆ ತೊಯ್ದ ಗೋಣಿಚೀಲ ಇಟ್ಟಂತೆ ಭಾರ. ಹಲ್ಲುಜ್ಜುವುದು ಒಂದು ಕೆಲಸ, ಅಂಗಿಯ ಗುಂಡಿ ಹಾಕುವುದು ಇನ್ನೊಂದು ಕೆಲಸ. ಖಾನಾವಳಿಯ ಊಟ ಹುಲ್ಲಿನಂತಾಯಿತು. ಕಚೇರಿಯಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಹೋಗಿರುತ್ತಿದ್ದರು. ಮೈಗಳ್ಳನಾದ ಎಂದರು ಕೆಲವರು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದರು ಇನ್ನು ಕೆಲವರು. ನಾನು ರಜೆ ಹಾಕಿ ಬಸವನ ಬಾಗೇವಾಡಿಗೆ, ಅಕ್ಕನ ಮನೆಗೆ ಹೋದೆ.

ನನ್ನ ತಾಯಿ ನಾನು ಸಣ್ಣವನಿದ್ದಾಗಲೇ ತೀರಿಹೋಗಿದ್ದಳು. ಇಂಡಿ ಕಡೆಯ ಅಗರಖೇಡದಲ್ಲಿ ಅಪ್ಪನೂ ಅಕ್ಕನೂ ಸೇರಿ ನನ್ನನ್ನು ಬೆಳೆಸಿದ್ದರು. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುತ್ತಿದ್ದವರು, ಬಾಗೇವಾಡಿಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಹಗಲಲ್ಲಿ ಮಲಗುವ ಗಂಡಸನ್ನು ಅವರು ಜ್ವರ ಬಂದಾಗ ಮಾತ್ರ ನೋಡಿದ್ದರು. ನನ್ನ ಹಣೆ ಮುಟ್ಟಿ ನೋಡಿ, ಬಿಸಿ ಇಲ್ಲವೆಂದು ಗೊತ್ತಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅಂಗಡಿಗೆ ಹೋಗುತ್ತಿದ್ದರು. ಅಕ್ಕ ಮಠದಿಂದ ವಿಭೂತಿ ತಂದಳು, ತಾಯತ ಕಟ್ಟಿಸಿದಳು, ದೃಷ್ಟಿ ತೆಗೆದಳು. ಅಪ್ಪ ಅಗರಖೇಡದಿಂದ ಬಂದು ಒಂದಿಡೀ ದಿನ ನನ್ನ ಮಂಚದ ಹತ್ತಿರ ಕುಳಿತಿದ್ದ. ಹೊಲದ ಮಾತು ಎರಡು ಆಡಿದ. ಸಂಜೆಯ ಬಸ್ಸಿಗೆ ಹೊರಡುವಾಗ ನನ್ನ ಪಾದವನ್ನು ಹೊದಿಕೆಯ ಮೇಲಿಂದಲೇ ಒಮ್ಮೆ ಅದುಮಿ ಹೋದ.

ದೀಪಾವಳಿ ದಾಟಿದ ಮೇಲೆ ರಜೆ ಮುಗಿದು ಮತ್ತೆ ಸಿಂದಗಿಗೆ ಹೋಗಲೇಬೇಕಾಯಿತು. ಸೈಕಲ್ ತುಳಿದೆ. ಆದರೆ ಎಷ್ಟು ನಿಧಾನವೆಂದರೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುವ ಹೆಂಗಸರು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು. ಅವಸರ ಮಾಡಬೇಕೆಂಬ ಆಸೆಯೇ ಒಳಗೆ ಎಲ್ಲೋ ಆರಿಹೋಗಿತ್ತು.

ಆಗ ಪ್ರತಿ ಚಳಿಗಾಲ ತಾಲೂಕಿನ ಸರಕಾರಿ ನೌಕರರಿಗೆ ಆಟದ ಸ್ಪರ್ಧೆಗಳು ನಡೆಯುತ್ತಿದ್ದವು. ಓಟ, ಕಬಡ್ಡಿ, ಗುಂಡು ಎಸೆತ. ಕೊನೆಯಲ್ಲಿ ಎಲ್ಲರೂ ನಗಲಿಕ್ಕೆಂದು ನಿಧಾನ ಸೈಕಲ್ ಸ್ಪರ್ಧೆ. ಅದರಲ್ಲಿ ಎಲ್ಲರಿಗಿಂತ ಕಡೆಗೆ ಬಂದವನಿಗೆ ಬಹುಮಾನ. ಸುಣ್ಣದ ಗೆರೆ ಎಳೆದು ಪ್ರತಿಯೊಬ್ಬನಿಗೂ ಒಂದು ಓಣಿ ಮಾಡಿರುತ್ತಾರೆ. ಕಾಲು ನೆಲಕ್ಕೆ ತಾಗಬಾರದು, ಗೆರೆ ಮುಟ್ಟಬಾರದು, ಗಾಲಿ ಹಿಂದಕ್ಕೆ ಸರಿಯಬಾರದು, ಮತ್ತು ಆ ತುದಿಯನ್ನು ದಾಟಲೇಬೇಕು. ಹೆಸರು ಬರೆಸುವ ದಿನ ಯಾರೋ ನನ್ನ ಹೆಸರನ್ನು ಅದಕ್ಕೆ ಕೊಟ್ಟರು. ಕಚೇರಿಯೆಲ್ಲ ನಕ್ಕಿತು. ಬೇಡವೆನ್ನಲು ಬೇಕಾದಷ್ಟು ಶಕ್ತಿಯೂ ನನ್ನಲ್ಲಿ ಇರಲಿಲ್ಲ.

ಸ್ಪರ್ಧೆಯ ದಿನ ಸೀಟಿ ಊದಿದರು. ಉಳಿದವರು ಹ್ಯಾಂಡಲ್ ಹಿಡಿದು ಒದ್ದಾಡಿದರು, ಬೆವರಿದರು, ಒಬ್ಬರ ಮೇಲೊಬ್ಬರು ಬಿದ್ದರು. ನಾನು ಏನನ್ನೂ ಮಾಡಲಿಲ್ಲ. ಮುಂದಿನ ಗಾಲಿಯನ್ನು ಸ್ವಲ್ಪ ಓರೆ ಮಾಡಿ, ಬ್ರೇಕಿನ ಮೇಲೆ ಬೆರಳಿಟ್ಟು, ಪೆಡಲಿನ ಮೇಲೆ ಮೈಭಾರ ಬಿಟ್ಟು ಕುಳಿತೆ. ಸೈಕಲ್ ನಿಂತೂ ನಿಲ್ಲದಂತೆ ಇತ್ತು. ಆ ಹೊತ್ತಿನಲ್ಲಿ ಒಂದು ವಿಚಿತ್ರ ನಡೆಯಿತು. ಶ್ರಾವಣದಿಂದ ಮೊದಲ ಸಲ ಎದೆಯ ಮೇಲಿನ ಭಾರ ಎದೆಯ ಮೇಲಿರಲಿಲ್ಲ. ಅದು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಬೀಳದಿರುವುದೊಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ನನ್ನ ತಲೆಯಲ್ಲಿ ಜಾಗವಿರಲಿಲ್ಲ. ಗೆದ್ದೆ ಎಂದು ಯಾರೋ ಬೆನ್ನು ತಟ್ಟಿದಾಗ ನಿದ್ದೆಯಿಂದ ಎಬ್ಬಿಸಿದಂತಾಯಿತು.

ನಗುವವರು ಅಂದೂ ನಕ್ಕರು. ಆದರೆ ಒಬ್ಬ ಹಿರಿಯ ಗುಮಾಸ್ತರು ಮಾತ್ರ ನಗಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕುಗಳ ಸ್ಪರ್ಧೆ ಯುಗಾದಿಗೆ ಮೊದಲು ಮುದ್ದೇಬಿಹಾಳದಲ್ಲಿ ನಡೆಯುತ್ತದೆಂದೂ, ಅಲ್ಲಿನ ಕೋರ್ಟಿನ ಬೇಲೀಫನೊಬ್ಬ ಆರು ನಿಮಿಷಕ್ಕೂ ಮೇಲೆ ನಿಂತ ದಾಖಲೆ ಇದೆಯೆಂದೂ, ಅದನ್ನು ಯಾರೂ ಇನ್ನೂ ಮುರಿದಿಲ್ಲವೆಂದೂ ಹೇಳಿದರು. ಜನರ ಮನೆಗಳಿಗೆ ಸಮನ್ಸ್ ಮುಟ್ಟಿಸುತ್ತ ಸೈಕಲ್ ಮೇಲೆಯೇ ಅರ್ಧ ಆಯುಷ್ಯ ಕಳೆದ ಮನುಷ್ಯನಂತೆ ಆತ.

ದಾಖಲೆಯ ಆಸೆ ನನಗೆ ಹುಟ್ಟಿದ್ದು ಹೆಸರಿಗಾಗಿ ಅಲ್ಲ. ಆ ಹಗುರ ಮತ್ತೊಮ್ಮೆ ಬೇಕಾಗಿತ್ತು. ಆರು ನಿಮಿಷಕ್ಕೂ ಮೇಲೆ ಅದು ಸಿಗುವುದಾದರೆ ಅಷ್ಟೂ ಬೇಕಾಗಿತ್ತು. ಸಂಬಳವಿಲ್ಲದ ರಜೆ ಹಾಕಿ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ ಬಾಗೇವಾಡಿಗೆ ಬಂದೆ.

ಮಾಮಾ ಅವರ ಗುರುತಿನವರದೊಂದು ಹತ್ತಿಯ ಬೀಜ ಬಿಡಿಸುವ ಜಿನ್ನು ಊರ ಹೊರಗಿತ್ತು. ಅದರ ಹಿಂದಿನ ಅಂಗಳ ಗಟ್ಟಿ ನೆಲ, ಹಲಗೆಯಂತೆ ಸಮ. ಹತ್ತಿಯ ಕಾಲ ಆಗಷ್ಟೇ ಶುರುವಾಗಿತ್ತು. ಒಳಗೆ ಯಂತ್ರಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಗೋಡೆಯ ಕಿಂಡಿಗಳಿಂದ ಹತ್ತಿಯ ಎಳೆಗಳು ಹೊರಗೆ ಹಾರಿ ಬಂದು ಬಿಸಿಲಿನಲ್ಲಿ ಅತ್ತಿತ್ತ ತೇಲುತ್ತಿದ್ದವು. ಕೆಳಗೆ ಬೀಳಲು ಅವುಗಳಿಗೆ ಮನಸ್ಸೇ ಇಲ್ಲವೆನ್ನುವಂತೆ. ನಾನು ಒಂದು ಎಳೆಯ ಮೇಲೆ ಕಣ್ಣಿಟ್ಟು ಸೈಕಲ್ ಮೇಲೆ ನಿಲ್ಲುತ್ತಿದ್ದೆ. ಅದು ನೆಲ ಮುಟ್ಟುವವರೆಗೆ ನಾನು ನೆಲ ಮುಟ್ಟಬಾರದು. ಹೀಗೆ ಬೆಳಗು ಕಳೆಯುತ್ತಿತ್ತು. ತಲೆ, ಹುಬ್ಬು, ಮೀಸೆಯೆಲ್ಲ ಬೆಳ್ಳಗಾಗಿ ಮನೆಗೆ ಬಂದರೆ ಅಕ್ಕ ಬಾಗಿಲಲ್ಲಿ ನಿಲ್ಲಿಸಿ ಸೆರಗಿನಿಂದ ಕೊಡವುತ್ತಿದ್ದಳು. ಅವಳು ಒಮ್ಮೊಮ್ಮೆ ಬುತ್ತಿ ತಂದು ಅಂಗಳದ ಮೂಲೆಯಲ್ಲಿ ಕುಳಿತು ನೋಡುತ್ತಿದ್ದಳು. ಈ ಆಟದಿಂದ ಏನು ಬರುತ್ತದೆಂದು ಮಾಮಾ ಕೇಳಿದ್ದಕ್ಕೆ, ಏನೂ ಬರದಿದ್ದರೂ ಬೆಳಗಾದರೆ ಎದ್ದು ಹೋಗುತ್ತಾನಲ್ಲ, ಅಷ್ಟೇ ಸಾಕು ಎಂದಳಂತೆ.

ಸೈಕಲ್ ಇಳಿದ ಕೂಡಲೇ ಭಾರ ತಿರುಗಿ ಬರುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಮುದ್ದೇಬಿಹಾಳಕ್ಕೆ ಅಕ್ಕನೂ ಬಂದಳು. ಶಾಲೆಯ ಬಯಲಿನಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಬೇಲೀಫರನ್ನು ಮೊದಲ ಸಲ ನೋಡಿದೆ. ನಲವತ್ತೈದು ದಾಟಿದ ದಪ್ಪ ಆಳು, ಎಣ್ಣೆ ಹಚ್ಚಿ ತಿರುವಿದ ಮೀಸೆ, ಇಸ್ತ್ರಿ ಮಾಡಿದ ಖಾಕಿ. ಸೈಕಲ್ಲಿನ ಕಡ್ಡಿಗಳನ್ನೂ ಒರೆಸಿ ಹೊಳೆಯುವಂತೆ ಮಾಡಿದ್ದರು. ಬಂದವರಿಗೆಲ್ಲ ತಾವು ದಾಖಲೆ ಮಾಡಿದ ಕಥೆ ಹೇಳುತ್ತಿದ್ದರು. ನನ್ನನ್ನು ಕಂಡು, ಇಷ್ಟು ತೆಳ್ಳಗಿರುವವನನ್ನು ಗಾಳಿಯೇ ಬೀಳಿಸುತ್ತದೆ ಎಂದು ಎಲ್ಲರಿಗೂ ಕೇಳುವಂತೆ ನಗಾಡಿದರು. ಅವರ ಓಣಿ ನನ್ನ ಪಕ್ಕದ್ದೇ.

ಸೀಟಿಯಾದ ಮೇಲೆ ಎಷ್ಟೋ ಹೊತ್ತಿನವರೆಗೆ ನನಗೆ ಅವರ ಉಸಿರು ಕೇಳಿಸುತ್ತಿತ್ತು. ಉಳಿದವರು ಒಬ್ಬೊಬ್ಬರಾಗಿ ನೆಲಕ್ಕೆ ಕಾಲು ಕೊಟ್ಟು ಹೊರಗಾದರು. ನಂತರ ಬೇಲೀಫರ ಉಸಿರು ಮುಂದೆ ಮುಂದೆ ಹೋಯಿತು. ಅವರು ತುದಿ ದಾಟಿದರೆಂದು ಚಪ್ಪಾಳೆಯಿಂದ ಗೊತ್ತಾಯಿತು. ನನ್ನ ಮುಂದೆ ಇನ್ನೂ ಸ್ವಲ್ಪ ನೆಲ ಉಳಿದಿತ್ತು. ಬಯಲಿನ ಆಚೆ ಬಿಸಿಲ್ಗುದುರೆ ನೀರಿನಂತೆ ನಡುಗುತ್ತಿತ್ತು. ಬೇವಿನ ಮರಗಳು ಆ ನೀರಿನಲ್ಲಿ ಬೇರು ಬಿಟ್ಟು ನಿಂತಿದ್ದವು. ಹದ್ದೊಂದರ ನೆರಳು ಸುಣ್ಣದ ಗೆರೆಗಳನ್ನು ಒಂದೊಂದಾಗಿ ದಾಟಿ ನನ್ನ ಗಾಲಿಯ ಮೇಲೆ ಹಾದು ಹೋಯಿತು. ಜನ ಮೊದಲು ಕೂಗುತ್ತಿದ್ದವರು ಆಮೇಲೆ ಗುಸುಗುಸು ಎಂದರು, ಆಮೇಲೆ ಸುಮ್ಮನಾದರು. ಗಡಿಯಾರ ಹಿಡಿದವರ ಮುಖದಿಂದ ದಾಖಲೆ ದಾಟಿತೆಂದು ತಿಳಿಯಿತು. ಇನ್ನು ಆ ತುದಿಯ ಗೆರೆ ದಾಟಿದರೆ ಸಾಕು.

ದಾಟಲು ನನಗೆ ಮನಸ್ಸಾಗಲಿಲ್ಲ. ಇಲ್ಲೇ, ಹೀಗೇ, ಎಲ್ಲಿಗೂ ಹೋಗದೆ, ಯಾರಿಗೂ ಬೇಡವಾಗಿ ಇದ್ದುಬಿಡಬೇಕೆನ್ನಿಸಿತು. ಗೆರೆಯ ಆಚೆ ಏನಿದೆಯೆಂದು ನನಗೆ ಗೊತ್ತಿತ್ತು. ನಾಳೆ ಬೆಳಗಿತ್ತು, ಹಲ್ಲುಜ್ಜುವುದಿತ್ತು, ಅಂಗಿಯ ಗುಂಡಿಗಳಿದ್ದವು. ತೊಡೆ ನಡುಗತೊಡಗಿತು. ಇನ್ನೇನು ಬೀಳುತ್ತೇನೆ, ಬಿದ್ದರೂ ಒಳ್ಳೆಯದೇ ಎನ್ನಿಸುವಾಗ ಅಕ್ಕನ ದನಿ ಕೇಳಿತು. ಅವಳು ಕೂಗಲಿಲ್ಲ. ಪಕ್ಕದ ಕೋಣೆಯಿಂದ ಕರೆದಂತೆ ಕರೆದಳು.

“ಸಾಕು ಬಾರೋ ತಮ್ಮಾ. ಮನಿಗೆ ಹೋಗೂಣು.”

ಪೆಡಲ್ ತಾನಾಗಿ ಕೆಳಗೆ ಹೋಯಿತು. ಗೆರೆ ದಾಟಿ ಸೈಕಲ್ ಸಮೇತ ಮಣ್ಣಿಗೆ ಬಿದ್ದೆ.

ಗೆದ್ದ ಗದ್ದಲವೇನೂ ಹೆಚ್ಚು ಹೊತ್ತು ಇರಲಿಲ್ಲ. ಬೇಲೀಫರು ತಕರಾರು ಎತ್ತಿದರು. ನನ್ನ ಮುಂದಿನ ಗಾಲಿ ಒಂದು ಸಲ ಹಿಂದಕ್ಕೆ ಸರಿದದ್ದನ್ನು ತಾವು ಕಣ್ಣಾರೆ ಕಂಡಿದ್ದಾಗಿ ಹೇಳಿದರು. ಅಧಿಕಾರಿಗಳು ವಿಚಾರ ಮಾಡಿ ತಿಳಿಸುತ್ತೇವೆಂದು ಬಹುಮಾನದ ಕಪ್ಪನ್ನು ತಮ್ಮಲ್ಲೇ ಇಟ್ಟುಕೊಂಡರು. ಅಕ್ಕನಿಗೆ ಸಿಟ್ಟು ಬಂತು. ನನಗೆ ಏನೂ ಬರಲಿಲ್ಲ.

ಅದಾದ ಮೇಲಿನ ದಿನಗಳು ಮೊದಲಿನದಕ್ಕಿಂತ ಕೆಟ್ಟವು. ಬೆಳಿಗ್ಗೆ ಎದ್ದು ಹೋಗಲು ಈಗ ಜಿನ್ನಿನ ಅಂಗಳವೂ ಇರಲಿಲ್ಲ. ಬೆನ್ನಟ್ಟಿದ್ದು ಸಿಕ್ಕಿಬಿಟ್ಟಿತ್ತು, ಮತ್ತು ಅದರಿಂದ ಏನೂ ಆಗಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದೆ. ಹಗಲು ಯಾವುದು, ಕನಸು ಯಾವುದು ತಿಳಿಯದಂತೆ ಹೊತ್ತು ಹೋಗುತ್ತಿತ್ತು. ಅರೆಗಣ್ಣಿನಲ್ಲಿ ಕೋಣೆಯ ತುಂಬ ಹತ್ತಿ ತೇಲುತ್ತಿತ್ತು. ಹಿತ್ತಲಿನ ಬಾವಿಯ ಹತ್ತಿರ ಹೋಗುವುದನ್ನು ನಾನೇ ಬಿಟ್ಟೆ. ಯಾಕೆಂದು ಅಕ್ಕ ಕೇಳಲಿಲ್ಲ. ಆದರೆ ಅವಳು ನನ್ನ ಸ್ನಾನದ ನೀರನ್ನು ತಾನೇ ಸೇದಿ ತಂದು ಬಚ್ಚಲಿಗೆ ಇಡತೊಡಗಿದಳು.

ಒಂದು ಮಧ್ಯಾಹ್ನ ಬೇಲೀಫರು ಬಂದರು. ಮುದ್ದೇಬಿಹಾಳದಿಂದ ಬಸ್ಸಿನಲ್ಲಿ, ಕಪ್ಪನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು. ಬಾಗಿಲಲ್ಲಿ ಅಕ್ಕನಿಗೆ ತಮ್ಮ ಗುರುತು ಹೇಳಿದ್ದು ನನಗೆ ಒಳಗೆ ಕೇಳಿಸಿತು. ತಕರಾರನ್ನು ತಾವೇ ವಾಪಸು ತೆಗೆದುಕೊಂಡದ್ದಾಗಿಯೂ, ಗಾಲಿ ಹಿಂದೆ ಸರಿದಿರಲಿಲ್ಲ, ತಮಗೆ ಹೊಟ್ಟೆಕಿಚ್ಚಾಗಿತ್ತು ಅಷ್ಟೇ ಎಂದೂ ಹೇಳಿದರು. ಅಕ್ಕ ನೀರು ಬೆಲ್ಲ ಕೊಟ್ಟಳು. ಕಪ್ಪನ್ನು ಗೆದ್ದವನ ಕೈಗೇ ಕೊಡಬೇಕೆಂದು ಅವರು ಒಳಗೆ ಬಂದರು. ನಾನು ಏಳಲಿಲ್ಲ. ಅವರು ನನ್ನ ಮುಖ ನೋಡಿದರು. ಕಪ್ಪನ್ನು ಕೆಳಗಿಟ್ಟು ಮಂಚದ ಪಕ್ಕ ನೆಲದ ಮೇಲೇ ಕುಳಿತರು.

“ಎಷ್ಟು ದಿನಾ ಆತ್ರಿ ಹಿಂಗ?” ಎಂದು ಅಕ್ಕನನ್ನು ಕೇಳಿದರು.

“ಶ್ರಾವಣದಿಂದ್ರಿ,” ಅಂದಳು ಅಕ್ಕ.

ಅವರು ನನ್ನ ಕಡೆ ತಿರುಗಿ, ನಸುಕಿನಲ್ಲೇ ಎಚ್ಚರವಾಗುತ್ತದೆಯೇ, ಊಟ ರುಚಿಸುತ್ತದೆಯೇ, ಏಳುವುದೇ ಬೇಡ ಅನ್ನಿಸುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಲ್ಲರೂ ಏನಾಯಿತೆಂದು ಕೇಳುತ್ತಿದ್ದರು, ಹೇಗಿದೆಯೆಂದು ಕೇಳಿರಲಿಲ್ಲ. ನಾನು ತಲೆಯಾಡಿಸುತ್ತ ಹೋದೆ. ಬಯಲಿನಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ ಮನುಷ್ಯ ಈಗ ದನಿ ತಗ್ಗಿಸಿದರು.

“ನನ್ನ ತಮ್ಮಗ ಹಿಂಗ ಇತ್ತು,” ಅಂದರು. “ಕೃಷ್ಣಾ ದಂಡಿ ತಂಗಡಗಿಯೊಳಗ, ನಮ್ಮ ಮನ್ಯಾಗ. ನಾವು ಮೈಗಳ್ಳ ಅಂದ್ವಿ, ಬೈದ್ವಿ. ಒಂದಿನಾ ಹೊಳಿಗೆ ಹೋದಾಂವ ತಿರುಗಿ ಬರಲಿಲ್ಲ. ಇದು ಬ್ಯಾನಿ ಐತಿ ತಮ್ಮಾ. ಬ್ಯಾನಿಗೆ ಔಷಧ ಇರ್ತೈತಿ. ಧಾರವಾಡದಾಗ ಡಾಕ್ಟರ್ ಅದಾರ, ನಾ ಕರಕೊಂಡ ಹೋಗ್ತೇನಿ.”

ಸಂಜೆ ಮಾಮಾ ಅಂಗಡಿಯಿಂದ ಬಂದರು. ವಿಷಯ ಕೇಳಿ ಅವರ ಮುಖ ಕಪ್ಪಿಟ್ಟಿತು. ಹುಚ್ಚರ ದವಾಖಾನೆಗೆ ಹೋಗಿ ಬಂದವನೆಂದು ಊರಿಗೆ ತಿಳಿದರೆ ನಾಳೆ ಇವನಿಗೆ ಹೆಣ್ಣು ಕೊಡುವವರು ಯಾರು ಎಂದರು. ಅವರು ಹೇಳಿದ್ದು ನನ್ನ ಮೇಲಿನ ಕಕ್ಕುಲತೆಯಿಂದಲೇ. ಅಕ್ಕ ಒಲೆಯ ಮುಂದಿದ್ದವಳು ಎದ್ದು ಬಂದಳು. ಅವಳು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ಹೆಣ್ಣಿನ ಮಾತು ಆಮ್ಯಾಲೆ ನೋಡೂಣ್ರಿ,” ಅಂದಳು. “ಮೊದಲ ನನಗ ತಮ್ಮ ಬೇಕು.”

ಮಾಮಾ ಮತ್ತೆ ಆ ಮಾತು ತೆಗೆಯಲಿಲ್ಲ. ಹೊರಡುವ ದಿನ ಬಸ್ ನಿಲ್ದಾಣದವರೆಗೆ ಬಂದು, ನನಗೂ ಬೇಲೀಫರಿಗೂ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟವರೂ ಅವರೇ.

ಧಾರವಾಡದ ಡಾಕ್ಟರು ವಯಸ್ಸಾದವರು. ನಾನು ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಸೈಕಲ್ ಮೇಲೆ ನಿಂತಾಗ ಭಾರ ಇಳಿಯುತ್ತಿದ್ದುದನ್ನು ಮೊದಲ ಸಲ ಹೇಳಿದ್ದು ಅವರಿಗೆ. ಅವರು ನಗಲಿಲ್ಲ. ಗುಳಿಗೆ ಕೊಟ್ಟು, ಇದು ಕೂಡಲೇ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು, ಆಗಲಿಲ್ಲವೆಂದು ಬಿಡಬೇಡ ಎಂದರು. ಗುಳಿಗೆಯಿಂದ ಬಾಯಿ ಒಣಗುತ್ತಿತ್ತು, ಅಕ್ಷರಗಳು ಕಣ್ಣಿಗೆ ಮಸುಕಾಗುತ್ತಿದ್ದವು. ಬೇಸಿಗೆಯಿಡೀ ನಿದ್ದೆ ಮಾಡಿದೆ. ಆಳವಾದ, ಬಣ್ಣವಿಲ್ಲದ ನಿದ್ದೆ. ನಡುವೆ ಎಚ್ಚರವಾದಾಗ ಮನೆಯಲ್ಲಿ ಯಾರೋ ಜೋಳ ಹಸನು ಮಾಡುವ ಸಪ್ಪಳ, ಮೊರದ ಮೇಲೆ ಕಾಳು ಹಾರಿ ಬೀಳುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ದೂರದಿಂದ ಬರುತ್ತಿಲ್ಲ, ಇಲ್ಲೇ ಪಡಸಾಲೆಯಿಂದ ಬರುತ್ತಿದೆ ಎಂದು ಒಂದು ದಿನ ಗೊತ್ತಾಯಿತು. ನೀರಿನಿಂದ ಮೇಲೆ ಬಂದಿದ್ದೆ.

ಎರಡನೆಯ ಸಲ ಧಾರವಾಡಕ್ಕೆ ಹೋದಾಗಲೂ ಬೇಲೀಫರೇ ಜೊತೆಗಿದ್ದರು. ತಿರುಗಿ ಬರುವಾಗ ಕೃಷ್ಣೆಯ ಸೇತುವೆಯ ಹತ್ತಿರ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಎಲ್ಲರೂ ಇಳಿದರು. ಹೊಳೆಯಲ್ಲಿ ಹೊಸ ನೀರು ಬರುವ ಕಾಲ, ನೀರು ಕೆಂಪಗಿತ್ತು. ದಂಡೆಯ ಕಲ್ಲಿನ ಮೇಲೆ ಕುಳಿತೆವು. ಅವರು ಬುತ್ತಿಯ ಗಂಟು ಬಿಚ್ಚಿದರು. ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಚಟ್ನಿಯ ಖಾರ ನಾಲಿಗೆಗೆ ತಾಗಿತು. ಕಣ್ಣಲ್ಲಿ ನೀರು ಬಂತು. ಅದು ಬರೀ ಖಾರದ ನೀರು. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದೆ. ಅವರು ತಮ್ಮ ಪಾಲಿನದನ್ನೂ ನನ್ನ ಕಡೆ ಸರಿಸಿ ಹೊಳೆಯ ಕಡೆ ನೋಡುತ್ತ ಕುಳಿತರು. ಬಸ್ಸಿನವನು ಹಾರ್ನ್ ಹೊಡೆದಾಗ ಬುತ್ತಿಯ ಬಟ್ಟೆ ಮಡಚಿಕೊಂಡು ಎದ್ದೆವು.

ಮಳೆಗಾಲದಲ್ಲಿ ಮತ್ತೆ ಕೆಲಸಕ್ಕೆ ಹೋದೆ. ಆ ಬೇನೆ ನನ್ನ ಆಯುಷ್ಯದಲ್ಲಿ ಆಮೇಲೂ ಎರಡು ಸಲ ಬಂದಿದೆ. ಆಗ ನಾನಾಗಿಯೇ ಡಾಕ್ಟರರ ಹತ್ತಿರ ಹೋಗಿದ್ದೇನೆ. ಅದಕ್ಕೊಂದು ಹೆಸರಿದೆಯೆಂದು ಈಗ ಎಲ್ಲರಿಗೂ ಗೊತ್ತು. ಆಗ ಅದನ್ನು ಬೇನೆ ಎಂದು ಕರೆದವರು ಒಬ್ಬರೇ.

ಮುಂದಿನ ವರ್ಷದ ಸ್ಪರ್ಧೆ ಇಂಡಿಯಲ್ಲಿ ನಡೆಯಿತು. ನಾನೂ ನಿಂತೆ, ಸೀಟಿಯಾಗಿ ಸ್ವಲ್ಪ ಹೊತ್ತಿಗೇ ಕಾಲು ಕೊಟ್ಟೆ. ಗುಂಪಿನಲ್ಲಿ ಯಾರೋ ಏನೋ ತಮಾಷೆ ಮಾಡಿದರು, ನನಗೆ ನಗು ಬಂತು, ಅಷ್ಟಕ್ಕೇ ಸೈಕಲ್ ವಾಲಿತು. ಬೇಲೀಫರು ದಾಖಲೆಯನ್ನು ತಿರುಗಿ ತಮ್ಮದು ಮಾಡಿಕೊಂಡರು. ಹಾರ ಹಾಕಿಸಿಕೊಂಡು, ಮೀಸೆ ತಿರುವಿ, ಕಂಡವರಿಗೆಲ್ಲ ಕಥೆ ಹೇಳಿದರು. ನಾನು ಅದನ್ನು ಎರಡು ಸಲ ಪೂರ್ತಿಯಾಗಿ ಕೇಳಿದೆ.

ಆ ಸಂಜೆ ಇಂಡಿಯಿಂದ ಅಗರಖೇಡಕ್ಕೆ ಸೈಕಲ್ ತುಳಿದುಕೊಂಡೇ ಹೋದೆ. ದಾರಿಯ ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಹಕ್ಕಿ ಹೊಡೆಯುವವರು ಅಟ್ಟಣಿಗೆಯ ಮೇಲಿಂದ ಕವಣೆ ಬೀಸುತ್ತಿದ್ದರು. ಸೂರ್ಯ ಭೀಮೆಯ ಕಡೆ ಇಳಿದಿದ್ದ, ಬೆಳೆಯ ಮೇಲೆಲ್ಲ ಅರಿಸಿನದಂಥ ಬೆಳಕು. ಮನೆ ಮುಟ್ಟಿದಾಗ ಅಪ್ಪ ಅಂಗಳದಲ್ಲಿ ಎತ್ತಿಗೆ ಜೋಳದ ಕಣಿಕೆ ಹಾಕುತ್ತಿದ್ದ. ಇಷ್ಟು ಲಗೂನ ಹೇಗೆ ಬಂದೆಯೆಂದು ಕೇಳಿದ. ಗಾಳಿ ಬೆನ್ನಿಗಿತ್ತು ಎಂದೆ. ಅವನು ಕೈಯಲ್ಲಿದ್ದ ಕಣಿಕೆಯನ್ನು ಎತ್ತಿನ ಮುಂದಿನ ಗ್ವಾದಲಿಗೆ ಹಾಕಿ, ಕೈ ಕೊಡವಿಕೊಂಡು, ಕಾಲಿಗೆ ನೀರು ತರಲು ಒಳಗೆ ಹೋದ.